ಎರಡು ರಿಮೋಟು, ಒಂದೇ ವಿಮಾನ

ಡ್ರೈವಿಂಗ್ ಸ್ಕೂಲಿನ ಕಾರಿಗೆ ಬ್ರೇಕು ಎರಡು. ಒಂದು ಕಲಿಯುವವರ ಕಾಲ ಕೆಳಗೆ, ಇನ್ನೊಂದು ಪಕ್ಕದಲ್ಲಿ ಕೂತ ಮೇಷ್ಟ್ರ ಕಾಲ ಕೆಳಗೆ. ಬೇರೆ ಕಾರುಗಳಲ್ಲಿ ಮೊದಲನೆಯದು ಬೇಗ ಸವೆದರೆ ನಮ್ಮ ಮೇಷ್ಟ್ರ ಕಾರಿನಲ್ಲಿ ಎರಡನೆಯದೇ ಸವೆಯುತ್ತಿತ್ತು. ದೂರದಲ್ಲೊಂದು ನಾಯಿ ಬಾಲ ಅಲ್ಲಾಡಿಸಿದರೆ ಸಾಕು, ಅವರ ಬಲಗಾಲು ತಾನಾಗಿ ನೆಲ ಒತ್ತುತ್ತಿತ್ತು, ಜೊತೆಗೆ ಬಾಯಿಂದ "ಬ್ರೇಕ್" ಎಂಬ ಕೂಗು. ಜನ ಅವರನ್ನು ಬೆನ್ನ ಹಿಂದೆ ಬ್ರೇಕ್ ಮೇಷ್ಟ್ರು ಎನ್ನುತ್ತಿದ್ದರು. ಅದು ಅವರಿಗೂ ಗೊತ್ತಿತ್ತು, ಬೇಸರವೇನೂ ಇರಲಿಲ್ಲ. ಇಷ್ಟು ವರ್ಷದಲ್ಲಿ ಕಾರಿಗೆ ಒಂದು ಗೀರು ಬಿದ್ದಿಲ್ಲ ಎಂದು ಎದೆಯುಬ್ಬಿಸಿಕೊಂಡು ಓಡಾಡುತ್ತಿದ್ದರು.

ಕಾರಿಗೆ ಬೀಳದ ಗೀರು ಮನೆಗೆ ಬಿತ್ತು. ಮಗಳಿಗೆ ಕಾರು ಕಲಿಸಿದ್ದೂ ಅವರೇ. ಕಲಿಸುವಾಗ ಕೂಗಾಟ, ಕಣ್ಣೀರು ಎಲ್ಲ ಆಗಿತ್ತು, ಆದರೆ ಅಪ್ಪ ಮಗಳ ಮಧ್ಯೆ ಅವೆಲ್ಲ ಇದ್ದದ್ದೇ. ಲೈಸೆನ್ಸ್ ಪರೀಕ್ಷೆಯ ದಿನ ಅವಳು ಪರೀಕ್ಷಕರನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಂಬಗಳ ನಡುವೆ ಕಾರನ್ನು ಹಿಂದಕ್ಕೆ ತೆಗೆಯುತ್ತಿದ್ದಳು. ಮೇಷ್ಟ್ರು ಹಗ್ಗದ ಆಚೆ ಉಳಿದವರ ಜೊತೆ ನಿಂತಿದ್ದರು. ಅಲ್ಲಿ ಅವರ ಕಾಲ ಕೆಳಗೆ ಬ್ರೇಕು ಇರಲಿಲ್ಲ, ಬಾಯಂತೂ ಇತ್ತು. "ಬ್ರೇಕ್" ಎಂದು ಕೂಗಿಯೇಬಿಟ್ಟರು. ತಿಂಗಳುಗಟ್ಟಲೆ ಆ ದನಿಗೆ ಪಳಗಿದ್ದ ಮಗಳ ಕಾಲು ಹಿಂದೆಮುಂದೆ ನೋಡದೆ ಒತ್ತಿತು. ಕಾರು ಅರ್ಧದಲ್ಲಿ ಜಗ್ಗಿ ನಿಂತು ಆಫ್ ಆಯಿತು. ಹೊರಗಿನವರು ಹೇಳಿಕೊಟ್ಟರೆ ಅದು ಪರೀಕ್ಷೆಯಲ್ಲ ಎಂದು ಪರೀಕ್ಷಕರು ಫೇಲು ಮಾಡಿದರು. ಸಾಲಿನಲ್ಲಿ ಕಾಯುತ್ತಿದ್ದವರು ಕಿಸಕ್ಕೆಂದರು. ಮಗಳು ಇಳಿದು ಬಂದು ಕೀಲಿಯನ್ನು ಅಪ್ಪನ ಅಂಗೈಯಲ್ಲಿಟ್ಟು, ಒಂದು ಮಾತೂ ಆಡದೆ ಮನೆಯವರೆಗೆ ನಡೆದುಕೊಂಡೇ ಹೋದಳು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಇಲ್ಲಿ ಹೋದದ್ದು ಒಂದೇ ಒಂದು ಮಾತಿಗೆ. "ಇನ್ನೂ ಒಂದು ಮೊಳ ಜಾಗ ಇತ್ತು ಅಂತ ಅವರಿಗೆ ಹೇಳಮ್ಮ," ಎಂದಳು ಮಗಳು ಆ ಸಂಜೆ. "ಕೂಗದಿದ್ರೆ ಕಂಬಕ್ಕೆ ಗುದ್ದಿರೋಳು ಅಂತ ಅವಳಿಗೆ ಹೇಳು," ಎಂದರು ಮೇಷ್ಟ್ರು. ಮೂವರೂ ಒಂದೇ ಕೋಣೆಯಲ್ಲಿ ಒಂದೇ ದೀಪದ ಕೆಳಗೆ ಕೂತಿದ್ದರು. ಅಲ್ಲಿಂದ ಶುರುವಾದ ಅಭ್ಯಾಸ ಎರಡು ವರ್ಷವಾದರೂ ನಿಲ್ಲಲಿಲ್ಲ. ಗೀಸರ್ ಆಫ್ ಮಾಡುವುದರಿಂದ ಹಿಡಿದು ಅತ್ತೆಯ ಕಾಯಿಲೆಯವರೆಗೆ ಏನೇ ಇದ್ದರೂ ಅಮ್ಮನ ಮೂಲಕವೇ ಆಗಬೇಕು. ಇಬ್ಬರೂ ಹಟಮಾರಿಗಳು. ನೂಲಿನಂತೆ ಸೀರೆ ಎಂಬ ಗಾದೆ ತಾಯಿ ಮಗಳಿಗೆ ಹೇಳಿದ್ದು, ಈ ಮನೆಯಲ್ಲಿ ನೂಲು ಅಪ್ಪನದಾಗಿತ್ತು.

ಮೇಷ್ಟ್ರ ಹೆಂಡತಿ ಮನೆಯಲ್ಲೇ ಬಟ್ಟೆಯ ಹೊಲಿಗೆ ಬಿಚ್ಚಿ ಮತ್ತೆ ಹೊಲಿಯುವ, ಉದ್ದಗಿಡ್ಡ ಮಾಡುವ ಕೆಲಸ ಮಾಡುತ್ತಿದ್ದರು. ಒಂದು ಸಂಜೆ ಯಾರದೋ ಪ್ಯಾಂಟಿನ ಅಂಚು ಮಡಚುತ್ತಾ ತಲೆಯೆತ್ತದೆ ಹೇಳಿದರು. "ಕನ್ನಡಕದ ಅಂಗಡಿ ಮೇಲಿನ ರೂಮು ಖಾಲಿ ಆಗಿದೆಯಂತೆ. ಮುಂದಿನ ತಿಂಗಳಿಂದ ಅಲ್ಲೇ ಇರ್ತಾಳಂತೆ."

ಮಗಳು ಆ ಅಂಗಡಿಯಲ್ಲಿ ಕನ್ನಡಕದ ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುವ ಕೆಲಸ ಮಾಡುತ್ತಿದ್ದಳು. ದಿನಾ ಎರಡು ಬಸ್ಸು ಬದಲಾಯಿಸಿ ಹೋಗಬೇಕಿತ್ತು. ಕಾರಿದ್ದ ಮನೆ, ಕಾರು ಕಲಿಸುವ ಅಪ್ಪ, ಆದರೂ ಮತ್ತೆ ಪರೀಕ್ಷೆಗೆ ಹೋಗದ ಅವಳಿಗೆ ಬಸ್ಸೇ ಗತಿ.

"ನನಗೆ ಹೇಳಲೇ ಇಲ್ಲ," ಎಂದರು ಮೇಷ್ಟ್ರು.

"ಈಗ ಹೇಳಿದ್ನಲ್ಲ."

"ನೀನಲ್ಲ. ಅವಳು."

ಹೆಂಡತಿ ಹೊಲಿಗೆ ಯಂತ್ರ ನಿಲ್ಲಿಸಿದರು. "ನೋಡಿ, ಇಬ್ಬರ ಮಧ್ಯೆ ಸಿಕ್ಕಿ ನನಗೆ ಸಾಕಾಗಿದೆ. ನಿಮ್ಮ ಮಾತು ಅವಳಿಗೆ, ಅವಳ ಮಾತು ನಿಮಗೆ. ನನ್ನ ಮಾತು ಯಾರಿಗೆ ಹೇಳ್ಲಿ? ಭಾನುವಾರ ಆದ್ರೆ ಊರಾಚೆ ಮೈದಾನದಲ್ಲಿ ಆಟದ ವಿಮಾನ ಹಾರಿಸ್ತಾ ಇರ್ತಾಳೆ. ಹೋಗಿ ನೀವೇ ಮಾತಾಡಿ. ಇನ್ಮೇಲೆ ನನ್ನ ಕೈಲಿ ಆಗಲ್ಲ."

ಮೇಷ್ಟ್ರು ಆ ರಾತ್ರಿ ಅರ್ಧ ಊಟಕ್ಕೇ ಎದ್ದರು. ಮೌನವಾದರೂ ಸರಿ, ಇಷ್ಟು ದಿನ ಒಂದು ಸೂರಿನ ಕೆಳಗಿತ್ತು. ಅವಳ ಚಪ್ಪಲಿ ಬಾಗಿಲಲ್ಲಿ ಕಂಡರೆ ಬಂದಳು ಎಂದಾದರೂ ಗೊತ್ತಾಗುತ್ತಿತ್ತು. ಹೀಗೆಯೇ ಮಾತಿಲ್ಲದೆ ಹೊರಟುಹೋದರೆ ಆಮೇಲೆ ಇಬ್ಬರನ್ನೂ ಎದುರುಬದುರು ನಿಲ್ಲಿಸುವ ನೆಪ ಯಾವುದೂ ಉಳಿಯುವುದಿಲ್ಲ. ತಿಂಗಳು ಮುಗಿಯುವುದರೊಳಗೆ ಮಗಳ ಬಾಯಿಂದ ನೇರವಾಗಿ ಒಂದು ಮಾತು ಕೇಳಲೇಬೇಕು ಎಂದು ಅವರು ತೀರ್ಮಾನಿಸಿದರು.

ಮೈದಾನವೆಂದರೆ ಊರ ಹೊರಗೆ ಹುಲ್ಲು ಕತ್ತರಿಸಿ ಮಟ್ಟ ಮಾಡಿದ ಉದ್ದನೆಯ ಪಟ್ಟಿ, ಒಂದು ತಗಡಿನ ಶೆಡ್ಡು, ನಾಲ್ಕು ಮೇಜು. ಅಲ್ಲಿನ ಹಿರಿಯನಿಗೆ ಕ್ಯಾಪ್ಟನ್ ಎಂದು ಅಡ್ಡಹೆಸರು. ಮನುಷ್ಯ ಹುಟ್ಟಿದ ಮೇಲೆ ಒಮ್ಮೆಯೂ ನಿಜವಾದ ವಿಮಾನ ಹತ್ತಿದವನಲ್ಲ, ಹತ್ತಲು ಭಯವಂತೆ. ಮೇಷ್ಟ್ರು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದರು. ಆದರೆ ಶೆಡ್ಡಿನ ಹತ್ತಿರ ಮಗಳ ಬೆನ್ನು ಕಂಡ ಕೂಡಲೇ ಜೋಡಿಸಿದ್ದೆಲ್ಲ ಚೆಲ್ಲಾಪಿಲ್ಲಿಯಾಯಿತು. "ಏನು ಬೇಕಿತ್ತು ಯಜಮಾನ್ರೇ?" ಎಂದು ಕ್ಯಾಪ್ಟನ್ ಕೇಳಿದಾಗ, ಬಾಯಿಗೆ ಬಂದದ್ದು ಒಂದೇ. "ಕಲಿಯೋಕೆ ಬಂದೆ."

"ಭೇಷ್," ಎಂದ ಕ್ಯಾಪ್ಟನ್. ಅಲ್ಲಿ ಒಂದು ಪದ್ಧತಿಯಿತ್ತು. ಒಂಟಿಯಾಗಿ ಹಾರಿಸಲು ಕಲಿತವರು ಹೊಸಬರೊಬ್ಬರಿಗೆ ಕಲಿಸಲೇಬೇಕು, ಇಲ್ಲವಾದರೆ ಮೈದಾನದಲ್ಲಿ ಅವರಿಗೆ ಸರದಿ ಇಲ್ಲ. "ಆ ಹುಡುಗೀದು ಬಾಕಿ ಇದೆ. ಏನಮ್ಮ, ಇಲ್ಲಿ ಬಾ. ನಿನಗೊಬ್ಬ ಶಿಷ್ಯ ಸಿಕ್ಕಿದ್ದಾರೆ."

ಮಗಳು ತಿರುಗಿ ನೋಡಿದಳು. ಅವಳು ಇನ್ನೇನು ಕೈಲಿದ್ದದ್ದನ್ನು ಕೆಳಗಿಟ್ಟು ಹೊರಟೇಹೋಗುತ್ತಾಳೆ ಅಂದುಕೊಂಡರು ಮೇಷ್ಟ್ರು. ಅವಳು ಹೋಗಲಿಲ್ಲ. ಅಂಗಡಿಯಲ್ಲಿ ಗಿರಾಕಿಗಳನ್ನು ಕರೆಯುವ ದನಿಯಲ್ಲಿ, "ಬನ್ನಿ ಸರ್," ಎಂದಳು.

ಎರಡು ವರ್ಷದ ಮೇಲೆ ಕೇಳಿದ ಮೊದಲ ಮಾತು ಅದು. ಕಪಾಳಕ್ಕೆ ಹೊಡೆದಿದ್ದರೂ ಇಷ್ಟು ನೋಯುತ್ತಿರಲಿಲ್ಲ. ಆದರೂ ಮಾತು ಮಾತೇ ಎಂದು ಮೇಷ್ಟ್ರು ನುಂಗಿಕೊಂಡರು.

ಕಲಿಯುವವರ ವಿಮಾನ ಹಗುರವಾದ ಫೋಮಿನದು, ರೆಕ್ಕೆ ಬೆನ್ನ ಮೇಲಿರುತ್ತದೆ. ಅದನ್ನು ಹಾರಿಸಲು ರಿಮೋಟು ಎರಡು, ನಡುವೆ ಒಂದು ತಂತಿ. ಒಂದು ಗುರುವಿನ ಕೈಲಿ, ಇನ್ನೊಂದು ಶಿಷ್ಯನ ಕೈಲಿ. ಗುರುವಿನ ರಿಮೋಟಿನ ನೆತ್ತಿಯ ಮೇಲೊಂದು ಗುಂಡಿ. ಗುರು ಅದನ್ನು ಒತ್ತಿ ಹಿಡಿದಿರುವಷ್ಟು ಹೊತ್ತು ವಿಮಾನ ಶಿಷ್ಯನ ಮಾತು ಕೇಳುತ್ತದೆ. ಬೆರಳು ತೆಗೆದ ಕ್ಷಣ ಗುರುವಿನ ವಶಕ್ಕೆ ಬರುತ್ತದೆ. ಕೊಡುವಾಗ "ನಿಮ್ಮದು" ಅನ್ನಬೇಕು, ಕಿತ್ತುಕೊಳ್ಳುವಾಗ "ನನ್ನದು" ಅನ್ನಬೇಕು. ಮೇಷ್ಟ್ರು ಕೇಳಿಸಿಕೊಂಡು ತಲೆಯಾಡಿಸಿದರು. ಎರಡನೇ ಬ್ರೇಕಿನ ಬಗ್ಗೆ ಅವರಿಗೆ ಯಾರೂ ಪಾಠ ಹೇಳಬೇಕಾಗಿರಲಿಲ್ಲ. ಅದು ಬೇರೆಯವರ ಕೈಲಿದ್ದರೆ ಹೇಗಿರುತ್ತದೆ ಎನ್ನುವುದು ಮಾತ್ರ ಗೊತ್ತಿರಲಿಲ್ಲ.

ಅವಳು ವಿಮಾನವನ್ನು ಮೇಲೇರಿಸಿ, ಸುತ್ತು ಹೊಡೆಸಿ, "ನಿಮ್ಮದು," ಎಂದಳು. ಮೇಷ್ಟ್ರು ಸ್ಟೇರಿಂಗ್ ಹಿಡಿಯುವವರ ಗಟ್ಟಿತನದಿಂದ ರಿಮೋಟಿನ ಮೇಲಿನ ಕಡ್ಡಿ ತಿರುಚಿದರು. ವಿಮಾನ ಮಗ್ಗುಲಾಯಿತು. "ನನ್ನದು." ಸರಿ ಮಾಡಿ ಮತ್ತೆ, "ನಿಮ್ಮದು." ಈ ಸಲ ಮೂತಿ ಕೆಳಗಾಯಿತು. ಮೇಷ್ಟ್ರ ಬಲಗಾಲು ಹುಲ್ಲನ್ನು ಧಡ್ಡೆಂದು ಒತ್ತಿತು.

"ಸರ್, ಗಾಳೀಲಿ ಬ್ರೇಕ್ ಇರಲ್ಲ," ಎಂದಳು ಮಗಳು. ಕ್ಯಾಪ್ಟನ್ ಹೊಟ್ಟೆ ಹಿಡಿದುಕೊಂಡು ನಕ್ಕ.

ಗುರುವಿಗೇ ತಿರುಮಂತ್ರ. ವಿಮಾನ ದೂರ ಹೋಗುವಾಗ ಹೇಗೋ ನಡೆಯುತ್ತಿತ್ತು, ನಮ್ಮ ಕಡೆಗೆ ಮುಖ ಮಾಡಿ ಬರತೊಡಗಿದರೆ ಎಡ ಬಲವಾಗಿ, ಬಲ ಎಡವಾಗಿ ಬಿಡುತ್ತಿತ್ತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತೆ ಮೇಷ್ಟ್ರು ಒಂದು ಕಡೆ, ವಿಮಾನ ಇನ್ನೊಂದು ಕಡೆ. ಜೀವಮಾನವಿಡೀ ವಾಹನದ ಒಳಗೆ ಕೂತೇ ಓಡಿಸಿದವರಿಗೆ ಹೊರಗೆ ನಿಂತು ಓಡಿಸುವುದು ತಲೆಗೆ ಹತ್ತಲಿಲ್ಲ. "ಗಾಳಿ ಜಾಸ್ತಿ ಇದೆ," ಎಂದರು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಮಗಳು ಹಾಗೆ ಅನ್ನಲಿಲ್ಲ, ಅವಳ ಮುಖ ಹಾಗೆಯೇ ಅಂದಿತು.

"ಎದುರಿಗೆ ಬರುವಾಗ ಯಾವ ರೆಕ್ಕೆ ಕೆಳಗಾಗುತ್ತೋ ಆ ಕಡೆಗೇ ಕಡ್ಡಿ ತಳ್ಳಿ. ತೋಚದೇ ಹೋದ್ರೆ ಕೈ ಬಿಟ್ಟುಬಿಡಿ. ಎತ್ತರ ಇದ್ರೆ ಇದು ತಾನೇ ನೆಟ್ಟಗಾಗುತ್ತೆ. ನೀವು ಕೈ ಹಾಕಿದಷ್ಟೂ ಕೆಡುತ್ತೆ."

"ಕೈ ಬಿಡೋದು ಹೇಗೆ? ಬಿದ್ದುಬಿಟ್ರೆ?"

"ಬಿಡಿ ಸರ್ ಅಂದ್ರೆ ಬಿಡಿ," ಎಂದಳು ಮಗಳು. ದನಿ ಏರಿತ್ತು. ಕ್ಯಾಪ್ಟನ್ ಒಮ್ಮೆ ಅವಳನ್ನು, ಒಮ್ಮೆ ಮೇಷ್ಟ್ರನ್ನು ನೋಡಿದ. ಇಬ್ಬರೂ ತಲೆಯನ್ನು ಎಡಕ್ಕೆ ವಾಲಿಸಿ, ಕೆಳತುಟಿ ಮುಂದೆ ಮಾಡಿ ನಿಂತಿದ್ದರು. ಅವನು ಹುಬ್ಬೇರಿಸಿ ಮೇಜಿನ ಕಡೆಗೆ ಹೋದ.

ಮನೆಗೆ ಬಂದಾಗ ಹೆಂಡತಿ ಬಾಗಿಲಲ್ಲೇ ಹಿಡಿದರು. "ಏನಾದ್ರೂ ಮಾತಾಡಿದಳಾ?"

"ಹೂಂ. ನಿಮ್ಮದು, ನನ್ನದು ಅಂದಳು."

"ಮಾತಾಡಿ ಅಂತ ಕಳ್ಸಿದ್ರೆ ಆಸ್ತಿ ಪಾಲು ಮಾಡ್ಕೊಂಡು ಬಂದ್ರಾ?"

ಮೇಷ್ಟ್ರು ಆ ವಾರ ಎರಡು ಚಮಚಗಳನ್ನು ರಿಮೋಟಿನ ಕಡ್ಡಿಗಳೆಂದುಕೊಂಡು ಕೈಯಲ್ಲಿ ನೆಟ್ಟಗೆ ಹಿಡಿದು, ಕನ್ನಡಿಯ ಕಡೆಗೆ ನಡೆಯುತ್ತಾ ಎಡಬಲ ಅಭ್ಯಾಸ ಮಾಡಿದರು. ಹೆಂಡತಿ ಮೂಗಿನ ಮೇಲೆ ಬೆರಳಿಟ್ಟು ನೋಡಿದರು. ಮಗಳು ಕೋಣೆಯಿಂದ ಹೊರಬಂದು, ಚಮಚಗಳನ್ನು ಕಂಡು, ನೀರು ಕುಡಿದು ಒಳಗೆ ಹೋದಳು. ಒಳಗೆ ಹೋದ ಮೇಲೆ ನಕ್ಕಳೇನೋ ಎಂದು ಮೇಷ್ಟ್ರಿಗೆ ಅನುಮಾನ. ಕಿವಿಗೊಟ್ಟರು, ಖಾತ್ರಿಯಾಗಲಿಲ್ಲ.

ಮುಂದಿನ ಭಾನುವಾರಗಳೂ ಹಾಗೇ ಕಳೆದವು. ಕೈ ಸ್ವಲ್ಪ ಹದಕ್ಕೆ ಬಂತು, ಮಾತು ಬರಲಿಲ್ಲ. ನಿಮ್ಮದು, ನನ್ನದು, ಸರ್, ಅಷ್ಟೇ. ಒಮ್ಮೆಯಂತೂ ಅವಳು ಒಂದೇ ಸುತ್ತಿನಲ್ಲಿ ಐದಾರು ಸಲ ಕಿತ್ತುಕೊಂಡಾಗ ಮೇಷ್ಟ್ರಿಗೆ ರೇಗಿತು. ನಾನೇ ಸರಿಮಾಡುತ್ತಿದ್ದೆನಲ್ಲ, ಅಷ್ಟರಲ್ಲಿ ಏಕೆ ಕಿತ್ತುಕೊಳ್ಳಬೇಕು ಎನ್ನಲು ಬಾಯಿ ತೆರೆದರು. ತೆರೆದ ಬಾಯಿ ಹಾಗೇ ನಿಂತಿತು. ತಮ್ಮ ಕಾರಿನಲ್ಲಿ ಕೂತವರೆಲ್ಲ ಇಷ್ಟು ವರ್ಷ ಇದೇ ಮಾತನ್ನು ನುಂಗಿಕೊಂಡಿರಬೇಕು ಅನಿಸಿತು. ಮಾರನೆಯ ದಿನ ಸ್ಕೂಲಿನ ಕಾರಿನಲ್ಲಿ ಅವರು ಎರಡೂ ಕಾಲುಗಳನ್ನು ಸೀಟಿನ ಕಡೆಗೆ ಎಳೆದುಕೊಂಡು ಕೂತರು. ಕಲಿಯಲು ಬಂದ ಔಷಧಿ ಅಂಗಡಿಯವರು, "ಮೈ ಸರಿಯಿಲ್ವಾ ಮೇಷ್ಟ್ರೇ?" ಎಂದು ವಿಚಾರಿಸಿದರು.

ತಿಂಗಳ ಕೊನೆಯ ಭಾನುವಾರ ಬಂತು. ಮಗಳ ಕೋಣೆಯಲ್ಲಿ ಆಗಲೇ ರಟ್ಟಿನ ಡಬ್ಬಗಳು ಒಂದರ ಮೇಲೊಂದು ಏರಿದ್ದವು. ಇವತ್ತು ಏನಾದರೂ ಆಗಬೇಕು, ಇಲ್ಲವಾದರೆ ಇಲ್ಲ ಎಂದುಕೊಂಡು ಮೇಷ್ಟ್ರು ಮೈದಾನಕ್ಕೆ ಹೋದರು. ಆಕಾಶ ಶುಭ್ರವಾಗಿತ್ತು, ಗಾಳಿಯೇ ಇರಲಿಲ್ಲ. ಈ ಸಲ ದೂರಲು ನೆಲವೂ ಡೊಂಕಿರಲಿಲ್ಲ.

ಮಗಳು ವಿಮಾನವನ್ನು ಚೆನ್ನಾಗಿ ಮೇಲಕ್ಕೆ ಕೊಂಡೊಯ್ದಳು. "ನಿಮ್ಮದು." ಮೇಷ್ಟ್ರು ಎರಡು ಸುತ್ತು ಹೊಡೆಸಿದರು. ಮೂರನೆಯ ಸುತ್ತಿನಲ್ಲಿ ವಿಮಾನ ಸೂರ್ಯನ ಹತ್ತಿರ ಹಾದಾಗ ಮಗಳು ಕಣ್ಣಿಗೆ ಕೈ ಅಡ್ಡ ಹಿಡಿದಳು. ಆಮೇಲೆ ಕೈಯನ್ನು ಮತ್ತೆ ರಿಮೋಟಿನ ಮೇಲಿಟ್ಟಳು. ಆದರೆ ಬೆರಳು ಕೂತದ್ದು ಗುಂಡಿಯ ಮೇಲಲ್ಲ, ಅದರ ಪಕ್ಕದಲ್ಲಿ. ವಿಮಾನ ಅವಳ ವಶಕ್ಕೆ ಬಂದಿತ್ತು, ಅದು ಅವಳಿಗೇ ಗೊತ್ತಿರಲಿಲ್ಲ. "ನನ್ನದು" ಎಂದು ಯಾರೂ ಹೇಳಿರಲಿಲ್ಲ.

ಮೇಷ್ಟ್ರು ಬೆವರುತ್ತಾ ಕಡ್ಡಿಗಳನ್ನು ಅತ್ತ ಇಷ್ಟು, ಇತ್ತ ಇಷ್ಟು ಸರಿಸುತ್ತಿದ್ದರು. ವಿಮಾನ ನೀರ ಮೇಲೆ ತೇಲುವ ಎಲೆಯಂತೆ ನೆಟ್ಟಗೆ ಹೋಗುತ್ತಿತ್ತು. ಯಾರೂ ಮುಟ್ಟದಿದ್ದರೆ ಅದು ಹೋಗುವುದೇ ಹಾಗೆ. ಮೇಷ್ಟ್ರಿಗೆ ಮಾತ್ರ ಕೊನೆಗೂ ಕೈ ಕುದುರಿತು ಅನಿಸಿ ಮೈಯೆಲ್ಲ ಹಗುರವಾಯಿತು.

"ಈಗ ನೋಡಿ," ಎಂದಳು ಮಗಳು. "ಎಷ್ಟು ಚೆನ್ನಾಗಿ ಹಾರಿಸ್ತಾ ಇದ್ದೀರಿ."

ಮಗಳ ಬಾಯಿಂದ ಬಂದ ಹೊಗಳಿಕೆ. ಮೇಷ್ಟ್ರ ಕಣ್ಣು ಮಂಜಾಯಿತು, ಒರೆಸಿಕೊಳ್ಳೋಣವೆಂದರೆ ಎರಡೂ ಕೈ ರಿಮೋಟಿನ ಮೇಲಿದ್ದವು. ಹಾಗೆ ಇಬ್ಬರೂ ಯಾರೂ ಹಾರಿಸದ ವಿಮಾನವನ್ನು ಮೆಚ್ಚುತ್ತಾ ನಿಂತರು. ಅದು ದೂರ ಹೋಯಿತು, ಇನ್ನೂ ದೂರ ಹೋಯಿತು. ಮೈದಾನದ ಆಚೆಯ ಮರಗಳ ಮೇಲೆ ಬೆರಳುದ್ದವಾಗಿ ಕಂಡಿತು.

"ಸಾಕು, ಎಡಕ್ಕೆ ತಿರುಗಿಸಿ," ಎಂದಳು.

ಮೇಷ್ಟ್ರು ತಿರುಗಿಸಿದರು. ಅದು ತಿರುಗಲಿಲ್ಲ.

"ಸರ್, ತಿರುಗಿಸಿ."

"ತಿರುಗಿಸ್ತಾನೇ ಇದ್ದೀನಿ."

"ಇನ್ನೂ ಜಾಸ್ತಿ."

ಮೇಷ್ಟ್ರು ಕಡ್ಡಿಯನ್ನು ಎಡಕ್ಕೆ ಕೊನೆಯವರೆಗೂ ತಳ್ಳಿ ಹಿಡಿದರು. ವಿಮಾನ ತನ್ನ ಪಾಡಿಗೆ ತಾನು ಹೋಗುತ್ತಲೇ ಇತ್ತು. ಮಗಳು ಒಮ್ಮೆ ತನ್ನ ಕೈ ನೋಡಿಕೊಂಡಳು. ಬೆರಳು ಗುಂಡಿಯ ಮೇಲಿಲ್ಲ. ತಪ್ಪು ಗೊತ್ತಾದ ಗಾಬರಿಯಲ್ಲಿ ಅವಳು ಹಿಂದೆಮುಂದೆ ನೋಡದೆ ಗುಂಡಿ ಒತ್ತಿದಳು. ಕಡ್ಡಿ ಕೊನೆಯವರೆಗೂ ಎಡಕ್ಕಿದ್ದ ಮೇಷ್ಟ್ರ ಕೈಗೆ ವಿಮಾನ ಒಮ್ಮೆಲೇ ಬಂತು. ಅದು ಅಡ್ಡಡ್ಡ ಮಗುಚಿಕೊಂಡು ಮರಗಳ ಕಡೆಗೆ ಮೂತಿ ಹಾಕಿತು.

ಬೆರಳು ತೆಗೆದಿದ್ದರೆ ವಿಮಾನ ಅವಳದಾಗುತ್ತಿತ್ತು, ಸರಿಮಾಡುತ್ತಿದ್ದಳು. ಆದರೆ ಭಯದಲ್ಲಿ ಯಾರು ಹಿಡಿತ ಸಡಿಲಿಸುತ್ತಾರೆ? ಬೆರಳು ಗುಂಡಿಗೆ ಇನ್ನಷ್ಟು ಅಂಟಿಕೊಂಡಿತು. ಕೈಕಾಲು ಆಡದಂತಾಗಿ ಅವಳಿಗೆ ಉಳಿದದ್ದು ಬಾಯಿ ಒಂದೇ.

"ಅಪ್ಪ, ಕೈ ಬಿಡು."

ಕೂಗು ಮೈದಾನದ ಆ ತುದಿಗೂ ಕೇಳಿಸಿರಬೇಕು. ಮೇಷ್ಟ್ರು ಕೈ ಬಿಟ್ಟರು. ಯೋಚಿಸಿ ಬಿಟ್ಟದ್ದಲ್ಲ. ಆ ದನಿಯಲ್ಲಿ ಅಪ್ಪ ಎಂದು ಕರೆದ ಮೇಲೆ ಬೆಂಕಿಗೆ ಹಾರು ಎಂದಿದ್ದರೂ ಹಾರುತ್ತಿದ್ದರು. ಎರಡೂ ಹೆಬ್ಬೆರಳು ಗಾಳಿಯಲ್ಲಿ ಎದ್ದು ನಿಂತವು. ಕಡ್ಡಿಗಳು ಟಕ್ಕೆಂದು ನಡುವಿಗೆ ಬಂದವು. ವಿಮಾನ ಬೀಳುತ್ತಲೇ ಇತ್ತು. ಬೀಳುತ್ತಾ ಬೀಳುತ್ತಾ ಒಂದು ರೆಕ್ಕೆ ಮೆಲ್ಲಗೆ ಮೇಲೆದ್ದಿತು, ಬೆನ್ನು ಆಕಾಶಕ್ಕೆ ತಿರುಗಿತು, ಮೂತಿ ಮೆಲ್ಲಗೆ ನೆಟ್ಟಗಾಯಿತು. ಎತ್ತರ ಸಾಕಷ್ಟು ಇತ್ತು, ಅದೇ ಪುಣ್ಯ. ಮರದ ತಲೆಗಳಿಗೆ ಇನ್ನೂ ಅಂತರ ಉಳಿದಿತ್ತು.

"ಈಗ ಎಡಕ್ಕೆ, ಸ್ವಲ್ಪ. ಸ್ವಲ್ಪವೇ ಅಪ್ಪ."

ಮೇಷ್ಟ್ರು ಒಂದು ಕೂದಲೆಳೆಯಷ್ಟು ತಳ್ಳಿದರು. ವಿಮಾನ ದೊಡ್ಡ ಸುತ್ತು ಹಾಕಿ ಮೈದಾನದ ಕಡೆಗೆ ಮುಖ ಮಾಡಿತು. ಅದು ಎದುರಿಗೆ ಬರುತ್ತಿದ್ದಂತೆ ಬಲರೆಕ್ಕೆಯೋ ಎಡರೆಕ್ಕೆಯೋ ಎಂದು ಅವರು ತಲೆ ಕೆಡಿಸಿಕೊಳ್ಳಲಿಲ್ಲ. ಕೆಳಗಾದ ಕಡೆಗೆ ಕಡ್ಡಿ ತಳ್ಳಿದರು, ಅಷ್ಟೇ. "ನನ್ನದು," ಎಂದು ಮಗಳು ಕೊನೆಗೆ ಬೆರಳು ಬಿಡಿಸಿಕೊಂಡು, ಅದನ್ನು ಹುಲ್ಲಿನ ಮೇಲೆ ಮೆಲ್ಲಗೆ ಇಳಿಸಿದಳು.

ಹೋದ ಜೀವ ಬಂದಂತಾಯಿತು. ಇಬ್ಬರೂ ಅಲ್ಲೇ ಹುಲ್ಲಿನ ಮೇಲೆ ಕುಸಿದು ಕೂತರು, ನಡುವೆ ಆ ತಂತಿ ಇನ್ನೂ ಹಾಗೇ ಇತ್ತು. ಗುಂಡಿಯಿಂದ ಬೆರಳು ತಪ್ಪಿದ್ದನ್ನು ಮಗಳು ಹೇಳಿದಳು.

"ಅಷ್ಟು ಹೊತ್ತು ಹಾರಿಸಿದ್ದು ನಾನಲ್ವಾ ಹಾಗಾದ್ರೆ?" ಎಂದರು ಮೇಷ್ಟ್ರು.

"ನೀನೂ ಅಲ್ಲ, ನಾನೂ ಅಲ್ಲ."

"ಮತ್ತೆ ಹೊಗಳಿದೆ?"

"ಗೊತ್ತಿದ್ರೆ ಹೊಗಳ್ತಿದ್ನಾ?" ಎಂದು ಮಗಳು ನಕ್ಕಳು. ನಗು ತಡೆಯಲಾಗದೆ ಹುಲ್ಲಿನ ಮೇಲೆ ಅಂಗಾತ ಮಲಗಿದಳು. ಮೇಷ್ಟ್ರೂ ನಕ್ಕರು, ಹೊಟ್ಟೆ ನೋಯುವವರೆಗೂ ನಕ್ಕರು. ಆಮೇಲೆ ಅವಳು ಆಕಾಶ ನೋಡುತ್ತಲೇ ಹೇಳಿದಳು. "ಬಾಯಿ ತಾನಾಗಿ ತೆರ್ಕೊಳ್ತು. ಕೂಗಬೇಕು ಅಂತ ಕೂಗಲಿಲ್ಲ."

"ಗೊತ್ತು ಮರಿ," ಎಂದರು ಮೇಷ್ಟ್ರು.

"ಆದ್ರೂ ಅವತ್ತು ಜಾಗ ಇತ್ತು."

"ಇರಲಿಲ್ಲ."

"ಒಂದು ಮೊಳ ಇತ್ತು. ನನಗೆ ಕನ್ನಡೀಲಿ ಕಾಣ್ತಿತ್ತು."

"ಕನ್ನಡೀಲಿ ಹಾಗೇ ಕಾಣೋದು. ಹೆಚ್ಚೆಂದ್ರೆ ಒಂದು ಗೇಣು."

"ಗೇಣು ಅಂತೆ. ಬೇಕಾದ್ರೆ ಆ ಪರೀಕ್ಷಕರನ್ನ ಕೇಳು."

"ಅವರೇನು ಹಿಂದೆ ತಿರುಗಿ ನೋಡ್ತಿದ್ರಾ? ಸರಿ, ಗೇಣಿಗಿಂತ ಜಾಸ್ತಿ, ಮೊಳಕ್ಕಿಂತ ಕಡಿಮೆ. ಸಾಕಾ?"

"ಮುಕ್ಕಾಲು ಮೊಳ."

"ಮುಕ್ಕಾಲು. ಒಪ್ಪಿದೆ. ಮುಕ್ಕಾಲು ಮೊಳ ಇದ್ದ ಮೇಲೆ ನಾನು ಕೂಗಬಾರದಿತ್ತು."

ತರಕಾರಿ ಸಂತೆಯಲ್ಲಿ ಚೌಕಾಸಿ ಮಾಡುವವರಂತೆ ಅವರಿಬ್ಬರೂ ದನಿಯೇರಿಸಿ ಜಗಳವಾಡುವುದನ್ನು ಶೆಡ್ಡಿನಿಂದ ಕೇಳುತ್ತಿದ್ದ ಕ್ಯಾಪ್ಟನ್, ಬಿಡಿಸಬೇಕೋ ಬೇಡವೋ ತಿಳಿಯದೆ ನಾಲ್ಕು ಹೆಜ್ಜೆ ಬಂದು ಮತ್ತೆ ಹಿಂದೆ ಹೋದ. ಮೇಷ್ಟ್ರಿಗೆ ಮಾತ್ರ ಈ ಎರಡು ವರ್ಷದಲ್ಲಿ ಇಷ್ಟು ನೆಮ್ಮದಿ ಯಾವತ್ತೂ ಆಗಿರಲಿಲ್ಲ. ಮಲಗಿದ್ದ ಮಗಳು ಎದ್ದು ಎದುರಿಗೆ ಕೂತು, ಕಣ್ಣಲ್ಲಿ ಕಣ್ಣಿಟ್ಟು, ತಮ್ಮನ್ನೇ ನೇರವಾಗಿ ಬೈಯುತ್ತಿದ್ದಳು. ಇದಕ್ಕಿಂತ ಇನ್ನೇನು ಬೇಕು?

ಮಗಳು ಎದ್ದು ಬ್ಯಾಟರಿ ಬದಲಾಯಿಸಿದಳು. ಎರಡು ರಿಮೋಟುಗಳ ನಡುವಿನ ತಂತಿ ಕಿತ್ತು ಸುತ್ತಿ ಜೇಬಿಗೆ ಹಾಕಿಕೊಂಡು, ತನ್ನ ರಿಮೋಟನ್ನು ಅಪ್ಪನ ಕೈಗಿಟ್ಟಳು. "ಈ ಸಲ ನಿಜವಾಗಿ ನೀನು. ನಾನು ಪಕ್ಕದಲ್ಲಿ ನಿಂತಿರ್ತೀನಿ. ಬಾಯಿ ಬಿಡಲ್ಲ."

ಮೇಷ್ಟ್ರು ರಿಮೋಟನ್ನು ವಾಪಸು ಚಾಚಿದರು. "ಬೇಡ," ಎಂದರು.

"ಯಾಕೆ? ಭಯಾನಾ?"

"ಹಾರಿಸೋಕೆ ಭಯ ಇಲ್ಲ. ನೀನು ಬಾಯಿ ಬಿಡದೇ ಇದ್ರೆ ಭಯ. ಏನಾದ್ರೂ ಮಾತಾಡ್ತಾ ಇರು."

"ಏನು ಮಾತಾಡ್ಲಿ?"

"ಏನಾದ್ರೂ."

ವಿಮಾನ ಹುಲ್ಲಿನ ಮೇಲೆ ಕುಣಿಯುತ್ತಾ ಓಡಿ, ಒಂದು ಸಲ ಅಳ್ಳಾಡಿ, ಮೇಲೆದ್ದಿತು. ಹಾರಿಸುವಾಗ ಅದರಿಂದ ಕಣ್ಣು ಕೀಳುವಂತಿಲ್ಲ. ಮಗಳೂ ಅದನ್ನೇ ನೋಡುತ್ತಿದ್ದಳು. ಒಬ್ಬರ ಮುಖ ಒಬ್ಬರು ನೋಡಬೇಕಾಗಿಲ್ಲದ್ದರಿಂದಲೋ ಏನೋ, ಅವಳ ಮಾತು ಸಲೀಸಾಗಿ ಹೊರಟಿತು. ಅಂಗಡಿಯ ಯಜಮಾನನ ಗೊರಕೆ, ತಪ್ಪು ಕಣ್ಣಿಗೆ ತಪ್ಪು ಗಾಜು ಕೂರಿಸಿ ಬೈಸಿಕೊಂಡದ್ದು, ಕನ್ನಡಕ ಹಾಕಿಕೊಂಡೇ ಕನ್ನಡ‍ಕ ಹುಡುಕುತ್ತಾ ಬರುವ ಮುದುಕಿ. ಮೊದಲ ವಿಮಾನ ನೀರಿನ ಟ್ಯಾಂಕಿಗೆ ಬಿದ್ದದ್ದು, ಅವತ್ತು ಮನೆಗೆ ಬಂದು ಅಪ್ಪನಿಗೆ ಹೇಳಬೇಕು ಅನಿಸಿ ಹೇಳದೆ ಮಲಗಿದ್ದು. ಆ ಮೇಲಿನ ರೂಮಿನ ವಿಷಯವನ್ನೂ ಹೇಳಿದಳು. ಮುಂದಿನ ವಾರ ಹೋಗುವುದು, ಬಾಡಿಗೆ ಕಡಿಮೆ ಇರುವುದು, ಬಸ್ಸಿನ ಕಾಟ ತಪ್ಪುವುದು. ಮೇಷ್ಟ್ರಿಗೆ ಇದೆಲ್ಲ ಹೆಂಡತಿಯ ಬಾಯಿಂದ ಗೊತ್ತಿತ್ತು. ಆದರೂ ಈಗಷ್ಟೇ ಕೇಳಿದವರಂತೆ, "ಹೌದಾ?" ಎಂದರು. ಹೋಗುತ್ತಾಳೆ, ಹೋಗಲಿ. ಹೇಳಿ ಹೋಗುತ್ತಾಳಲ್ಲ.

ಬ್ಯಾಟರಿ ಮುಗಿಯುತ್ತಾ ಬಂತೆಂದು ರಿಮೋಟು ಕುಂಯ್‌ಗುಟ್ಟಿತು. ಮೇಷ್ಟ್ರು ವಿಮಾನವನ್ನು ಇಳಿಸಲು ತಿರುಗಿಸಿದರು. "ಆ ರೂಮಿಗೆ ಒಂದು ಕಿಟಕಿ ಇದೆ, ಅದರದ್ದೊಂದು ಕಥೆ," ಎಂದು ಮಗಳು ಹೇಳುತ್ತಿದ್ದಳು. ವಿಮಾನ ಪಟ್ಟಿಯ ಮೇಲೆ ಬಂತು, ನೆಲಕ್ಕೆ ತಾಕಿತು, ಪುಟಿದೆದ್ದಿತು, ಮತ್ತೆ ತಾಕಿತು, ಕೊನೆಗೆ ಮೂತಿಯ ಮೇಲೆ ಮುಗ್ಗರಿಸಿತು. ಮೂತಿಯ ಫ್ಯಾನು ಪಟ್ಟೆಂದು ಮುರಿದು ಒಂದು ತುಂಡು ಅಷ್ಟು ದೂರಕ್ಕೆ ಹಾರಿತು.

ಮೇಷ್ಟ್ರ ಮುಖ ಬಿಳಿಚಿಕೊಂಡಿತು. ಅವರು ಮಗಳ ಕಡೆಗೆ ತಿರುಗಲು ಹೆದರಿ, ಮುರಿದ ವಿಮಾನವನ್ನೇ ನೋಡುತ್ತಾ ನಿಂತರು. "ಹೋಯ್ತು," ಎಂದರು.

"ಹೋಗ್ಲಿ ಬಿಡಪ್ಪ, ಡಬ್ಬೀಲಿ ಇನ್ನೊಂದಿದೆ," ಎಂದಳು ಮಗಳು. "ಎಲ್ಲಿದ್ದೆ ನಾನು?"

"ಕಿಟಕಿ," ಎಂದರು ಮೇಷ್ಟ್ರು. "ಕಿಟಕಿ ಕಥೆ ಹೇಳ್ತಿದ್ದೆ."

"ಹಾಂ, ಕಿಟಕಿ. ಆ ಕಿಟಕಿಗೆ ಚಿಲಕಾನೇ ಇಲ್ಲ, ಗೊತ್ತಾ?" ಎನ್ನುತ್ತಾ ಅವಳು ವಿಮಾನ ಎತ್ತಿಕೊಳ್ಳಲು ಮುಂದೆ ನಡೆದಳು. ಮುಂದಿನ ಮಾತು ಕೇಳಿಸದೇ ಹೋದೀತೆಂದು ಮೇಷ್ಟ್ರು ಓಡುತ್ತಾ ಹೋಗಿ ಅವಳ ಪಕ್ಕ ಸೇರಿಕೊಂಡರು.